ಟ್ಯಾಂಕ್ ಗುಡ್ಡದ ಮೇಲೆ, ಮಷಿನ್ ಮನೆಯಲ್ಲಿ: ಪೈಪ್ ಒಡೆಯದ ಹಾಗೆ ಕೂರಿಸುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಕೊಡಗಿನ ನಾಪೋಕ್ಲು ಹತ್ತಿರ, ಕಾಫಿ ತೋಟದ ಇಳಿಜಾರಿನಲ್ಲಿದೆ. ಒರತೆ ನೀರು ಮೇಲಿನ ಟ್ಯಾಂಕಿಗೆ ಬಂದು, ಅಲ್ಲಿಂದ ಕಪ್ಪು ಪೈಪಿನಲ್ಲಿ ನೇರ ಮನೆಗೆ ಬರುತ್ತದೆ. ಟ್ಯಾಂಕ್ ಮನೆಗಿಂತ ಸುಮಾರು 180 ಅಡಿ ಎತ್ತರದಲ್ಲಿದೆ. ಫ್ರಂಟ್ ಲೋಡ್ ವಾಷಿಂಗ್ ಮಷಿನ್ ತಂದ ಮೇಲೆ ನಲ್ಲಿಯ ಎಲ್ಬೋ (ಪೈಪಿನ ಮೂಲೆ ಜೋಡಣೆ) ಎರಡು ಸಲ ಒಡೆಯಿತು, ಎರಡು ಸಲವೂ ರಾತ್ರಿ. ಕೆಲವು ಸಲ ಮಷಿನ್ ನೀರು ಎಳೆಯುತ್ತಲೇ ಇರುತ್ತದೆ, ತುಂಬುವುದೇ ಇಲ್ಲ. ಸರ್ವೀಸ್‌ನವರು ಪೈಪ್ ಸರಿ ಇಲ್ಲ ಅಂತಾರೆ, ಪ್ಲಂಬರ್ ಮಷಿನ್ ಸರಿ ಇಲ್ಲ ಅಂತಾರೆ. ಈಗ 25 ಲೀಟರ್ ಗೀಸರ್ ಮತ್ತು ಕುಡಿಯುವ ನೀರಿನ ಫಿಲ್ಟರ್ ತರಬೇಕು ಅಂತಿದ್ದೇವೆ. ಮೊದಲೇ ಏನೇನು ಮಾಡಿಸಿಕೊಳ್ಳಬೇಕು?

ಉತ್ತರ: ಗೀಸರ್ ಇನ್ನೂ ತರಬೇಡಿ. ಮೊದಲು ನೀರಿನ ಪ್ರೆಶರ್ ಇಳಿಸಿ, ಉಳಿದದ್ದು ಆಮೇಲೆ. ನೀವು ಬರೆದಿರುವುದನ್ನು ನೋಡಿದರೆ ಮಷಿನ್ ಕೆಟ್ಟಿಲ್ಲ ಅಂತಲೇ ಅನ್ನಿಸುತ್ತದೆ. ಪೈಪಿನದೂ ಪೂರ್ತಿ ತಪ್ಪಲ್ಲ. ನಿಮ್ಮ ಮನೆಗೆ ಬರುತ್ತಿರುವ ನೀರಿನ ಜೋರು ಎಷ್ಟು ಅಂತ ಆ ಇಬ್ಬರಲ್ಲಿ ಯಾರೂ ಅಳೆದು ನೋಡಿಲ್ಲ, ಅಷ್ಟೇ.

ಲೆಕ್ಕ ಸುಲಭ. ಟ್ಯಾಂಕ್ 10 ಮೀಟರ್ ಎತ್ತರದಲ್ಲಿದ್ದರೆ ಕೆಳಗಿನ ನಲ್ಲಿಯಲ್ಲಿ ಹೆಚ್ಚು ಕಡಿಮೆ 1 ಬಾರ್ ಪ್ರೆಶರ್. ತೋಟದವರಿಗೆ ಇದು ಹೊಸದಲ್ಲ. ಅಂಗಡಿಗೆ ಹೋಗಿ 4 ಕೆಜಿ ಪೈಪು ಕೊಡಿ, 6 ಕೆಜಿ ಪೈಪು ಕೊಡಿ ಅಂತ ಕೇಳುತ್ತೀರಲ್ವಾ, ಆ ಒಂದೊಂದು ಕೆಜಿಯೂ ಸುಮಾರು ಒಂದು ಬಾರ್. 180 ಅಡಿ ಅಂದರೆ 55 ಮೀಟರ್, ಅಂದರೆ ಐದೂವರೆ ಬಾರ್. ಕುಶಾಲನಗರದಂಥ ಸಮತಟ್ಟು ಊರಲ್ಲಿ ತಾರಸಿ ಮೇಲೆ ಟ್ಯಾಂಕ್ ಇಟ್ಟವರಿಗೆ ಕೆಳಗಿನ ನಲ್ಲಿಯಲ್ಲಿ ಅರ್ಧ ಬಾರ್ ಸಿಗುತ್ತದೆ. ನಿಮ್ಮದು ಅದರ ಹತ್ತು ಪಟ್ಟಿಗಿಂತ ಜಾಸ್ತಿ. ಅದೇ ಎಲ್ಬೋ, ಅದೇ ವಾಷರ್, ಅದೇ ಕನೆಕ್ಷನ್ ಪೈಪ್ ಅಲ್ಲಿ ವರ್ಷಗಟ್ಟಲೆ ಬರುತ್ತದೆ, ನಿಮ್ಮಲ್ಲಿ ಒಂದು ಮಳೆಗಾಲವೂ ಬರುವುದಿಲ್ಲ.

ರಾತ್ರಿಯೇ ಯಾಕೆ ಒಡೆಯಿತು? ಹಗಲಲ್ಲಿ ಎಲ್ಲಾದರೂ ಒಂದು ನಲ್ಲಿ ಬಿಟ್ಟೇ ಇರುತ್ತೀರಿ. ಅಡುಗೆ ಮನೆಯದೋ, ದನದ ಕೊಟ್ಟಿಗೆಯದೋ, ಅಂಗಳದ್ದೋ. ನೀರು ಹರಿಯುತ್ತಿರುವಾಗ ಪೈಪಿನ ಉದ್ದಕ್ಕೂ ಉಜ್ಜಿಕೊಂಡು ಬರುವುದರಲ್ಲೇ ಒಂದಿಷ್ಟು ಪ್ರೆಶರ್ ಸೋರಿ ಹೋಗುತ್ತದೆ. ರಾತ್ರಿ ಎಲ್ಲ ನಲ್ಲಿ ಮುಚ್ಚಿದ ಮೇಲೆ ನೀರು ನಿಂತಲ್ಲೇ ನಿಲ್ಲುತ್ತದೆ, ಟ್ಯಾಂಕಿನಿಂದ ಮನೆಯವರೆಗಿನ ಪೂರ್ತಿ 55 ಮೀಟರ್ ಭಾರ ಮನೆಯೊಳಗಿನ ಅತಿ ದುರ್ಬಲ ಜಾಯಿಂಟ್ ಮೇಲೆ ಬೀಳುತ್ತದೆ. ವಾಷಿಂಗ್ ಮಷಿನ್‌ನ ನಲ್ಲಿಯನ್ನು ನೀವು ತೆರೆದೇ ಬಿಡುತ್ತೀರಿ ಅಂತ ಕಾಣುತ್ತದೆ, ಹೆಚ್ಚಿನವರು ಹಾಗೇ ಮಾಡುತ್ತಾರೆ. ಆಗ ಆ ರಬ್ಬರ್ ಪೈಪ್ ಕೂಡ ರಾತ್ರಿಯೆಲ್ಲ ಅದೇ ಭಾರ ಹೊತ್ತುಕೊಂಡಿರುತ್ತದೆ. ಬಟ್ಟೆ ಒಗೆದು ಮುಗಿದ ತಕ್ಷಣ ನಲ್ಲಿ ಮುಚ್ಚಿ. ಇದನ್ನು ಇವತ್ತಿನಿಂದಲೇ ಶುರು ಮಾಡಿ.

ಮಷಿನ್ ಬಂದ ಮೇಲೆಯೇ ಯಾಕೆ ಅನ್ನುವುದಕ್ಕೂ ಕಾರಣ ಇದೆ. ನಲ್ಲಿಯನ್ನು ನಾವು ಕೈಯಲ್ಲಿ ತಿರುಗಿಸಿ ನಿಧಾನಕ್ಕೆ ಮುಚ್ಚುತ್ತೇವೆ. ಮಷಿನ್ ಒಳಗಿರುವ ಕರೆಂಟ್ ವಾಲ್ವ್ ಒಂದು ಕ್ಷಣದಲ್ಲಿ ಟಪ್ ಅಂತ ಮುಚ್ಚುತ್ತದೆ. ಇಳಿಜಾರಿನಲ್ಲಿ ಜೋರಾಗಿ ಬರುತ್ತಿದ್ದ ನೀರಿಗೆ ಥಟ್ಟನೆ ದಾರಿ ಇಲ್ಲದಂತಾದರೆ ಅದು ಪೈಪಿಗೆ ಗುದ್ದುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದ ನೀರು ಹಾಗೆ ನಿಂತರೆ ಪಿವಿಸಿ ಪೈಪಿನಲ್ಲಿ ಪ್ರೆಶರ್ ಒಂದು ಕ್ಷಣಕ್ಕೆ 3ರಿಂದ 5 ಬಾರ್ ಏರುತ್ತದೆ, ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ 10 ಬಾರ್‌ಗಿಂತಲೂ ಜಾಸ್ತಿ. ಇದು ಮೊದಲೇ ಇರುವ ಐದೂವರೆ ಬಾರ್ ಮೇಲೆ ಬೀಳುವ ಹೆಚ್ಚುವರಿ ಹೊಡೆತ. ಒಂದು ಲೋಡ್ ಬಟ್ಟೆಗೆ ಆ ವಾಲ್ವ್ ಎಷ್ಟೋ ಸಲ ತೆರೆದು ಮುಚ್ಚುತ್ತದೆ. ಮಷಿನ್ ನೀರು ನಿಲ್ಲಿಸಿದಾಗಲೆಲ್ಲ ಗೋಡೆಯೊಳಗೆ ‘ಡಬ್’ ಅಂತ ಸದ್ದು ಕೇಳುತ್ತಿದ್ದರೆ ಇದೇ ಅದು. ಹಗಲಲ್ಲಿ ಆ ಪೆಟ್ಟು ತಿಂದು ಸಣ್ಣ ಬಿರುಕು ಬಿಟ್ಟ ಎಲ್ಬೋ ರಾತ್ರಿ ಪೂರ್ತಿ ಕೈಕೊಡುತ್ತದೆ.

ಮೊದಲ ಕೆಲಸ, ಒಂದು ಪ್ರೆಶರ್ ಗೇಜ್ ತನ್ನಿ. 0ರಿಂದ 10 ಬಾರ್ ತೋರಿಸುವ, ನಲ್ಲಿಗೆ ಕೂರುವ ಅರ್ಧ ಇಂಚಿನ ಮರೆ (ತಿರುಪಿನ ಗೆರೆ) ಇರುವ ಗೇಜ್ ಪಂಪ್‌ಸೆಟ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಮನೆಯ ಅತಿ ಕೆಳಗಿನ ನಲ್ಲಿಗೆ ಸಿಕ್ಕಿಸಿ, ಉಳಿದ ಎಲ್ಲ ನಲ್ಲಿ ಮುಚ್ಚಿ ನೋಡಿ. ರಾತ್ರಿ ಮಲಗುವಾಗ ಒಂದು ಸಲ ನೋಡಿ, ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಇನ್ನೊಂದು ಸಲ. ಆಮೇಲೆ ಯಾವ ಸಾಮಾನು ತರುವುದಿದ್ದರೂ ಅದರ ಮೈಮೇಲಿನ ಪಟ್ಟಿಯಲ್ಲಿ ಬರೆದ ಪ್ರೆಶರ್ ಜೊತೆ ಈ ಸಂಖ್ಯೆಯನ್ನು ಹೋಲಿಸಿ. ಕೆಲವರು ಅದನ್ನು ಮೆಗಾಪಾಸ್ಕಲ್‌ನಲ್ಲಿ ಬರೆದಿರುತ್ತಾರೆ. 0.8 ಅಂತ ಇದ್ದರೆ 8 ಬಾರ್, 0.05 ಅಂತ ಇದ್ದರೆ ಅರ್ಧ ಬಾರ್.

ಈಗ ಪ್ರೆಶರ್ ಇಳಿಸುವ ದಾರಿ. ಎರಡಿವೆ, ಒಂದನ್ನು ನಾನು ಬಹಳ ಒತ್ತಿ ಹೇಳುತ್ತೇನೆ.

ಮನೆಯ ಹಿಂದಿನ ಇಳಿಜಾರಿನಲ್ಲಿ, ಮನೆಗಿಂತ 45–50 ಅಡಿ ಮಾತ್ರ ಎತ್ತರದಲ್ಲಿ, ಇನ್ನೊಂದು 500 ಅಥವಾ 1000 ಲೀಟರ್ ಟ್ಯಾಂಕ್ ಇಡಿ. ಮೇಲಿನ ಪೈಪ್ ಇದಕ್ಕೆ ಬಂದು ಬೀಳಲಿ, ಬಾಯಿಗೆ, ಟ್ಯಾಂಕ್ ತುಂಬಿದಾಗ ತಾನೇ ಮುಚ್ಚಿಕೊಳ್ಳುವ ಒಂದು ಫ್ಲೋಟ್ ವಾಲ್ವ್ ಇರಲಿ. ಮನೆಗೆ ಬೇರೆ ಪೈಪ್ ಇಲ್ಲಿಂದ ಹೊರಡಲಿ. ಮೇಲಿನ ಟ್ಯಾಂಕಿನ ಭಾರವೆಲ್ಲ ಈ ಎರಡನೇ ಟ್ಯಾಂಕಿನಲ್ಲೇ ಮುಗಿದು ಹೋಗುತ್ತದೆ, ಮನೆಗೆ ಒಂದೂವರೆ ಬಾರ್ ಬರುತ್ತದೆ. ವಾಷಿಂಗ್ ಮಷಿನ್‌ಗೆ, ಗೀಸರ್‌ಗೆ, ಫಿಲ್ಟರ್‌ಗೆ, ಸ್ನಾನದ ಶವರ್‌ಗೆ, ಎಲ್ಲಕ್ಕೂ ಇದು ಹದವಾದ ಪ್ರೆಶರ್. ಕರೆಂಟ್ ಬೇಡ, ಹೊಂದಿಸುವ ಕೆಲಸ ಇಲ್ಲ. ಕೊಡಗಿನ ಮನೆಗಳಿಗೆ ಇಳಿಜಾರು ತಾನಾಗಿಯೇ ಸಿಕ್ಕಿರುವಾಗ ಇದನ್ನು ಬಿಡಬಾರದು, ಅದರಲ್ಲೂ ಹಂಚಿನ ಮನೆಯವರು, ಯಾಕೆಂದರೆ ಅಲ್ಲಿ ಮಾಡಿನ ಮೇಲೆ ಟ್ಯಾಂಕ್ ಇಡಲು ಆಗುವುದಿಲ್ಲ.

ಇದರಲ್ಲಿ ಎಚ್ಚರ ಬೇಕಾದ್ದು ಮೂರು ಕಡೆ. ಫ್ಲೋಟ್ ವಾಲ್ವ್ ಹಿತ್ತಾಳೆಯದೇ ಇರಲಿ, ಹೆಚ್ಚು ಪ್ರೆಶರ್‌ಗೆ ಮಾಡಿದ್ದು ಅಂತ ಕೇಳಿ ತನ್ನಿ. ಸಾಮಾನ್ಯ ಪ್ಲಾಸ್ಟಿಕ್ ಫ್ಲೋಟ್ ನಿಮ್ಮ ಮೇಲಿನ ಲೈನಿನ ಎದುರು ಮುಚ್ಚಿಕೊಳ್ಳುವುದೇ ಇಲ್ಲ, ಟ್ಯಾಂಕ್ ಸದಾ ತುಂಬಿ ಹರಿಯುತ್ತದೆ. ಎರಡನೆಯದು, ತುಂಬಿ ಹರಿದ ನೀರನ್ನು ಇಳಿಜಾರಿನ ಮಣ್ಣಿಗೆ ಸುಮ್ನೆ ಬಿಡಬೇಡಿ. ಪೈಪ್ ಹಾಕಿ ತೋಡಿನವರೆಗೆ ಕೊಂಡೊಯ್ಯಿರಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ ಮನೆಯ ಹಿಂದಿನ ಬರೆಗೆ (ಕಡಿದಾದ ಮಣ್ಣಿನ ದಿಬ್ಬಕ್ಕೆ) ನೀರು ಕುಡಿಸುವುದು ಎಂಥ ಅಪಾಯ ಅಂತ ಹೇಳಬೇಕಾಗಿಲ್ಲ. ಮೂರನೆಯದು, 1000 ಲೀಟರ್ ಅಂದರೆ ಒಂದು ಟನ್ ಭಾರ. ಮಣ್ಣು ತುಂಬಿಸಿ ಮಟ್ಟ ಮಾಡಿದ ಜಾಗದಲ್ಲಿ ಇಡಬೇಡಿ, ಕಡಿದು ಮಟ್ಟ ಮಾಡಿದ ಗಟ್ಟಿ ನೆಲದಲ್ಲೇ ಕಟ್ಟೆ ಕಟ್ಟಿಸಿ.

ಅಂಥ ಜಾಗ ಸಿಗದಿದ್ದರೆ ಎರಡನೇ ದಾರಿ, ಪ್ರೆಶರ್ ಇಳಿಸುವ ವಾಲ್ವ್. ಪಿಆರ್‌ವಿ ಅಂತ ಕೇಳಿದರೆ ಕೊಡುತ್ತಾರೆ. ಮನೆಗೆ ಪೈಪ್ ಒಳ ಬರುವ ಜಾಗದಲ್ಲಿ ಕೂರಿಸಿ 2 ಬಾರ್‌ಗೆ ಹೊಂದಿಸಬೇಕು, ಗೇಜ್ ಇಟ್ಟುಕೊಂಡೇ ಹೊಂದಿಸಬೇಕು, ನಲ್ಲಿ ಮುಚ್ಚಿದಾಗಲೂ ಮುಳ್ಳು ಏರದೆ ನಿಂತಿದೆಯಾ ಅಂತ ನೋಡಬೇಕು. ಇದರ ದೊಡ್ಡ ಶತ್ರು ಮಣ್ಣು. ಒಳಗೆ ಒಂದು ಕಣ ಮರಳು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ, ರಾತ್ರಿ ಪ್ರೆಶರ್ ಮತ್ತೆ ಮೇಲೇರುತ್ತದೆ. ಹಾಗಾಗಿ ನೀರು ಅದಕ್ಕೆ ಹೋಗುವ ಮೊದಲೇ ಒಂದು ಫಿಲ್ಟರ್ ಬೇಕೇ ಬೇಕು.

ಆ ಫಿಲ್ಟರ್ ಎರಡನೇ ಟ್ಯಾಂಕ್ ಇಟ್ಟವರಿಗೂ ಬೇಕು. ಒರತೆ ನೀರು ಬೇಸಿಗೆಯಲ್ಲಿ ಕನ್ನಡಿಯ ಹಾಗಿರುತ್ತದೆ, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕೆಂಪು ಮಣ್ಣು, ಎಲೆ ಚೂರು, ಮರಳು ಎಲ್ಲ ಬರುತ್ತದೆ. ಡ್ರಿಪ್ ನೀರಾವರಿಗೆ ಹಾಕುವ ಡಿಸ್ಕ್ ಫಿಲ್ಟರ್ ಇದೆಯಲ್ಲ, ಅದನ್ನೇ ಮನೆಯ ಲೈನಿಗೂ ಹಾಕಬಹುದು. ಬಿಚ್ಚಿ ತೊಳೆದು ಮತ್ತೆ ಹಾಕುವುದು ಸುಲಭ, ಮನೆಯವರೇ ಮಾಡಬಹುದು. ಕೈಗೆ ಸಿಗುವ ಎತ್ತರದಲ್ಲಿ, ಆಚೀಚೆ ಒಂದೊಂದು ಬಾಲ್ ವಾಲ್ವ್ ಕೊಟ್ಟು ಕೂರಿಸಿ. ಜೋರು ಮಳೆಯ ದಿನಗಳಲ್ಲಿ ವಾರಕ್ಕೊಮ್ಮೆ ತೊಳೆಯಬೇಕಾಗುತ್ತದೆ.

ಇದರ ಜೊತೆಗೇ ಇನ್ನೊಂದು ಮಾತು. ಕೆಲವು ತೋಟಗಳಲ್ಲಿ ಫೆಬ್ರವರಿ–ಮಾರ್ಚ್‌ನಲ್ಲಿ ರೊಬಸ್ಟಾಕ್ಕೆ ಹೂವಿನ ನೀರು ಕೊಡುವ ಸ್ಪ್ರಿಂಕ್ಲರ್ ಲೈನಿಗೇ ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ ಮನೆಗೂ ಪೈಪ್ ಎಳೆದಿರುತ್ತಾರೆ. ಕೆರೆಯಿಂದ ದೊಡ್ಡ ಮೋಟಾರ್ ಎತ್ತುವ ಆ ಪ್ರೆಶರ್ ಮನೆಯ ಸಾಮಾನಿಗೆ ಆಗುವುದೇ ಇಲ್ಲ. ನಿಮ್ಮಲ್ಲಿ ಹಾಗಿದ್ದರೆ ಅದನ್ನು ಪೂರ್ತಿ ಬೇರೆ ಮಾಡಿ. ಗೇಟ್ ವಾಲ್ವ್ ಮುಚ್ಚಿದರೆ ಸಾಕು ಅಂತ ಬಿಡಬೇಡಿ, ಒಂದು ದಿನ ಯಾರೋ ಗೊತ್ತಿಲ್ಲದೆ ತೆರೆಯುತ್ತಾರೆ.

ಇನ್ನು ಒಡೆದ ಎಲ್ಬೋ. ನಲ್ಲಿ ಕೂರುವ ಕಡೆಯಲ್ಲಿ ಪೂರ್ತಿ ಪ್ಲಾಸ್ಟಿಕ್ ಎಲ್ಬೋ ಬೇಡ. ಒಳಗೆ ಹಿತ್ತಾಳೆ ಮರೆ ಇರುವ ಎಲ್ಬೋ ಹಾಕಿಸಿ. ಪ್ಲಾಸ್ಟಿಕ್ ಮರೆಗೆ ಲೋಹದ ನಲ್ಲಿಯನ್ನು ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿ ಪಾನಾದಲ್ಲಿ ಬಿಗಿದರೆ ಅದು ಆವತ್ತೇ ಒಳಗಿನಿಂದ ಸೀಳಲು ಶುರುವಾಗಿರುತ್ತದೆ, ನಮಗೆ ಕಾಣುವುದು ಆಮೇಲೆ. ಮಷಿನ್‌ನ ಇನ್‌ಲೆಟ್ ಪೈಪಿನ ತಿರುಪಿಗೆ ಟೇಪ್ ಸುತ್ತಲೇಬೇಡಿ. ಅಲ್ಲಿ ನೀರು ತಡೆಯುವುದು ಒಳಗಿನ ರಬ್ಬರ್ ವಾಷರ್, ಮರೆಯಲ್ಲ. ವಾಷರ್ ಸರಿಯಾಗಿ ಕೂತಿದೆಯಾ ನೋಡಿ, ಕೈಯಲ್ಲಿ ಬಿಗಿ ಮಾಡಿ, ಸಣ್ಣಗೆ ಜಿನುಗಿದರೆ ಮಾತ್ರ ಕಾಲು ಸುತ್ತು ಪಾನಾ ಹಾಕಿ. ಜಾಸ್ತಿ ಬಿಗಿದಷ್ಟೂ ವಾಷರ್ ನಜ್ಜುಗುಜ್ಜಾಗುತ್ತದೆ. ಮಷಿನ್‌ಗೆ ಅಂತ ಬೇರೆಯೇ ಒಂದು ನಲ್ಲಿ ಇರಲಿ, ಬಗ್ಗದೆ ಮುಚ್ಚಲು ಆಗುವ ಎತ್ತರದಲ್ಲಿರಲಿ, ಮಷಿನ್ ಹಿಂದೆ ಅಡಗಿರಬಾರದು.

ಪೈಪ್ ಅಂಟಿಸುವ ಸೊಲ್ಯೂಷನ್ ಬಗ್ಗೆ ಕೊಡಗಿನಲ್ಲಿ ವಿಶೇಷವಾಗಿ ಹೇಳಲೇಬೇಕು. ತಣ್ಣಗಿನ, ತೇವದ ಹವೆಯಲ್ಲಿ ಅದು ಬೇಗ ಒಣಗುವುದಿಲ್ಲ. ಮೈಸೂರಿನ ಏಪ್ರಿಲ್ ಬಿಸಿಲಲ್ಲಿ ಕೆಲಸ ಮಾಡಿದವರು ಮಧ್ಯಾಹ್ನ ಅಂಟಿಸಿ ಸಂಜೆ ನೀರು ಬಿಡುತ್ತಾರೆ, ನಡೆದೂ ಹೋಗುತ್ತದೆ. ಜುಲೈ ತಿಂಗಳ ನಾಪೋಕ್ಲಿನಲ್ಲಿ ಅದೇ ಮಾಡಿದರೆ ಜಾಯಿಂಟ್ ಮೆಲ್ಲಗೆ ಕಳಚಿಕೊಳ್ಳುತ್ತದೆ. ಪೈಪನ್ನು ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸ್ವಲ್ಪವೂ ನೀರಿನ ಪಸೆ ಇಲ್ಲದಾಗ ಅಂಟಿಸಿ, ಕನಿಷ್ಠ ಒಂದು ಪೂರ್ತಿ ದಿನ ಬಿಡಿ. ಮಳೆ ಹೊಯ್ಯುತ್ತಿದ್ದರೆ ಎರಡು ದಿನ. ಸಿಪಿವಿಸಿಗೆ (ಬಿಸಿ ನೀರಿಗೂ ಆಗುವ ಪ್ಲಾಸ್ಟಿಕ್ ಪೈಪ್) ಸಿಪಿವಿಸಿಯ ಸೊಲ್ಯೂಷನ್ನೇ ಬೇಕು, ಡಬ್ಬಿಯಲ್ಲಿ ಉಳಿದ ಪಿವಿಸಿ ಅಂಟನ್ನು ಹಚ್ಚಲು ಬಿಡಬೇಡಿ.

ನೀರು ತುಂಬದಿರುವ ತೊಂದರೆಗೆ ಬರೋಣ. ಎರಡು ಕಾರಣ ಇರಬಹುದು, ನೀವೇ ಪತ್ತೆ ಮಾಡಬಹುದು.

ನಲ್ಲಿ ಮುಚ್ಚಿ, ಮಷಿನ್ ಹಿಂದಿನ ಇನ್‌ಲೆಟ್ ಪೈಪ್ ಬಿಚ್ಚಿ. ಬಾಯಲ್ಲೇ ಬೆರಳಿನ ಉಗುರಿನಷ್ಟು ಅಗಲದ ಒಂದು ಸಣ್ಣ ಜಾಲರಿ ಕಾಣುತ್ತದೆ, ಮಧ್ಯದಲ್ಲಿ ಹಿಡಿದು ಎಳೆಯಲು ಒಂದು ಮೊಳಕೆಯಂಥ ತುದಿ ಇರುತ್ತದೆ. ಇಕ್ಕಳದಲ್ಲಿ ಮೆಲ್ಲಗೆ ಎಳೆಯಿರಿ. ಮಳೆಗಾಲದಲ್ಲಿ ಅದರ ಮೇಲೆ ಕೆಂಪು ಮಣ್ಣು ರೊಟ್ಟಿ ತಟ್ಟಿದ ಹಾಗೆ ಕೂತಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತೊಳೆದು ಮತ್ತೆ ಹಾಕಿ. ಜಾಲರಿ ಹರಿದಿದ್ದರೆ ಅದಿಲ್ಲದೆ ಮಷಿನ್ ಓಡಿಸಬೇಡಿ, ಮರಳು ವಾಲ್ವ್ ಒಳಗೆ ಹೋದರೆ ಮಷಿನ್ ಆಫ್ ಇದ್ದಾಗಲೂ ನೀರು ತುಂಬುತ್ತಾ ಹೋಗುತ್ತದೆ.

ಜಾಲರಿ ಸ್ವಚ್ಛ ಇದ್ದು, ನೀರು ಚೆನ್ನಾಗಿ ಒಳಗೆ ಹೋಗುತ್ತಿದ್ದರೂ ತುಂಬುತ್ತಿಲ್ಲ ಅಂದರೆ ಡ್ರೈನ್ ಪೈಪ್ ನೋಡಿ. ನಿಮ್ಮ ಮನೆ ಇಳಿಜಾರಿನಲ್ಲಿದೆ, ಹೊರಗೆ ಹೋಗುವ ಪೈಪ್ ಗೋಡೆ ದಾಟಿದ ಕೂಡಲೇ ಹತ್ತು ಹದಿನೈದು ಅಡಿ ಕೆಳಗೆ ಬಾಳೆ ಬುಡಕ್ಕೋ ಇಂಗುಗುಂಡಿಗೋ ಹೋಗುತ್ತಿರಬಹುದು. ಮಷಿನ್‌ನ ಡ್ರೈನ್ ಹೋಸನ್ನು ಆ ಪೈಪಿನೊಳಗೆ ಗಾಳಿ ಆಡದಂತೆ ಬಿಗಿಯಾಗಿ ತುರುಕಿ ಟೇಪ್ ಸುತ್ತಿದ್ದರೆ, ಒಮ್ಮೆ ಹರಿಯಲು ಶುರುವಾದ ನೀರು ಹಿಂದಿನ ನೀರನ್ನು ಎಳೆದುಕೊಂಡೇ ಹೋಗುತ್ತದೆ. ಡ್ರಮ್ಮಿನಿಂದ ಡೀಸೆಲ್ ತೆಗೆಯಲು ಪೈಪ್ ಹಾಕಿ ಎಳೆದು ಬಿಡುತ್ತಾರಲ್ಲ, ಅದೇ ಕೆಲಸ. ಒಂದು ಕಡೆ ಮಷಿನ್ ತುಂಬಿಸುತ್ತದೆ, ಇನ್ನೊಂದು ಕಡೆ ಇಳಿಜಾರು ಖಾಲಿ ಮಾಡುತ್ತದೆ. ಟೇಪ್ ಬಿಚ್ಚಿ. ಎರಡು ಇಂಚಿನ ಒಂದು ಪೈಪನ್ನು ನೆಟ್ಟಗೆ ನಿಲ್ಲಿಸಿ, ಬಾಯಿ ನೆಲದಿಂದ 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿರಲಿ, ಹೋಸ್ ಅದರೊಳಗೆ ಒಂದು ಗೇಣಿಗಿಂತ ಕಡಿಮೆ ಇಳಿದಿರಲಿ, ಸುತ್ತ ಗಾಳಿ ಆಡಲಿ. ಕೆಳಗೆ ಟ್ರ್ಯಾಪ್ (ನೀರು ನಿಂತು ವಾಸನೆ ತಡೆಯುವ ಬಾಗು) ಇರಲೇಬೇಕು, ಇಲ್ಲದಿದ್ದರೆ ಗುಂಡಿಯ ವಾಸನೆ ನೇರ ಮನೆಯೊಳಗೆ. ತೋಟಕ್ಕೆ ತೆರೆದುಕೊಳ್ಳುವ ತುದಿಗೆ ಒಂದು ಬಲೆ ಕಟ್ಟಿ. ಆ ದಾರಿಯಲ್ಲಿ ಇಲಿ, ಕಪ್ಪೆ, ಕೆಲವು ಸಲ ಹಾವೂ ಒಳಗೆ ಬರುತ್ತವೆ.

ಸೋಪಿನ ನೀರನ್ನು ತೋಡಿಗಾಗಲಿ ಕುಡಿಯುವ ನೀರಿನ ಒರತೆಯ ಕಡೆಗಾಗಲಿ ಬಿಡಬೇಡಿ. ಇಂಗುಗುಂಡಿಗೆ ಬಿಡುವುದಾದರೆ ಅದು ಆಗಸ್ಟ್‌ನಲ್ಲಿ ಹೇಗಿರುತ್ತದೆ ಅಂತ ನೋಡಿ ನಿರ್ಧರಿಸಿ. ನೆಲವೇ ನೀರು ಕುಡಿದು ತುಂಬಿರುವಾಗ ಗುಂಡಿ ಒಳಗೆ ಎಳೆದುಕೊಳ್ಳುವುದಿಲ್ಲ, ಬಚ್ಚಲಿಗೆ ವಾಪಸ್ ಬರುತ್ತದೆ. ಗುಂಡಿಯ ಬಾಯಿ ಬಚ್ಚಲ ನೆಲಕ್ಕಿಂತ ಸಾಕಷ್ಟು ಕೆಳಗಿರಬೇಕು.

ಮಷಿನ್ ಓಡುವಾಗ ಜಾಗ ಬಿಟ್ಟು ಸರಿಯುತ್ತಾ ಅಂತ ನೀವು ಬರೆದಿಲ್ಲ. ಸರಿಯುತ್ತಿದ್ದರೆ ಹಿಂದಿನ ಸಾಗಾಟದ ಬೋಲ್ಟ್‌ಗಳನ್ನು ತೆಗೆದಿದ್ದಾರಾ ನೋಡಿ. ಅವು ಇದ್ದರೆ ಮಷಿನ್ ಕುಣಿದು ಕುಣಿದು ಇನ್‌ಲೆಟ್ ಪೈಪನ್ನು ಸಡಿಲ ಮಾಡುತ್ತದೆ.

ಗೀಸರ್‌ನಲ್ಲಿ ತಪ್ಪು ಮಾಡಿದರೆ ನೆಲ ಒದ್ದೆಯಾಗುವುದಕ್ಕೇ ಮುಗಿಯುವುದಿಲ್ಲ, ಜೀವಕ್ಕೇ ಅಪಾಯ. ಹಂಡೆಯಲ್ಲಿ ನೀರು ಕಾಯಿಸಿದರೆ ಬಾಯಿ ತೆರೆದಿರುತ್ತದೆ, ಉಕ್ಕಿದರೆ ಉಕ್ಕಿತು. ಗೀಸರ್ ಮುಚ್ಚಿದ ಪಾತ್ರೆ. 25 ಲೀಟರ್ ನೀರು 20 ಡಿಗ್ರಿಯಿಂದ 65 ಡಿಗ್ರಿಗೆ ಕಾದರೆ ಸುಮಾರು ಅರ್ಧ ಲೀಟರ್‌ನಷ್ಟು ಹಿಗ್ಗುತ್ತದೆ. ಆ ಅರ್ಧ ಲೀಟರ್ ಎಲ್ಲಿಗಾದರೂ ಹೋಗಲೇಬೇಕು. ಗೀಸರ್ ಕೆಳಗೆ ತಣ್ಣೀರಿನ ಬಾಯಲ್ಲಿ ಕೂರಿಸುವ ಹಿತ್ತಾಳೆಯ ಸೇಫ್ಟಿ ವಾಲ್ವ್ ಅದಕ್ಕೇ ಇರುವುದು. ನೀರು ಕಾಯುವಾಗ ಅದರಿಂದ ತೊಟ್ಟು ತೊಟ್ಟು ಬೀಳುವುದು ಸರಿಯಾದದ್ದೇ. ಬಚ್ಚಲು ಒದ್ದೆ ಆಗುತ್ತದೆ ಅಂತ ಆ ತೂತಿಗೆ ಎಂಸೀಲ್ ಹಾಕಿ ಮುಚ್ಚಿದ ಮನೆಗಳನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಯಾವತ್ತೂ ಮಾಡಬೇಡಿ, ಗೀಸರೇ ಸಿಡಿಯಬಹುದು. ಒಂದು ಸಣ್ಣ ಪೈಪ್ ಸಿಕ್ಕಿಸಿ ನೀರು ಹೋಗುವ ಕಡೆಗೆ ಬಿಡಿ, ತುದಿ ತೆರೆದಿರಲಿ. ಕಾಯಿಸದೆ ಇರುವಾಗಲೂ ಸುರಿಯುತ್ತಲೇ ಇದ್ದರೆ ಲೈನಿನ ಪ್ರೆಶರ್ ಜಾಸ್ತಿ ಇರಬಹುದು, ಗೇಜ್ ಹಾಕಿ ನೋಡಿ.

ಬಿಸಿ ನೀರಿನ ಬಾಯಿಯಿಂದ ಮುಂದಕ್ಕೆ ಸಾಮಾನ್ಯ ಪಿವಿಸಿ ಬೇಡವೇ ಬೇಡ, ಸಿಪಿವಿಸಿ ಹಾಕಿಸಿ. ಆದರೆ ಸಿಪಿವಿಸಿ ಅಂದ ಕೂಡಲೇ ನಿಶ್ಚಿಂತೆ ಅಂತಲ್ಲ. ಎಸ್‌ಡಿಆರ್ 11 ಅಂತ ಬರೆದಿರುವ ದಪ್ಪ ಪೈಪ್ ತಣ್ಣೀರಿನಲ್ಲಿ ಸುಮಾರು 27 ಬಾರ್ ತಡೆಯುತ್ತದೆ, 82 ಡಿಗ್ರಿ ಬಿಸಿಯಲ್ಲಿ ಅದೇ ಪೈಪ್ ತಡೆಯುವುದು 7 ಬಾರ್ ಹತ್ತಿರ ಮಾತ್ರ. ನಿಮ್ಮ ಈಗಿನ ಐದೂವರೆ ಬಾರ್‌ಗೆ ಮಷಿನ್‌ನ ಗುದ್ದು ಸೇರಿದರೆ ಆ ಗಡಿ ದಾಟುತ್ತದೆ. ಪ್ರೆಶರ್ ಇಳಿಸದೆ ಗೀಸರ್ ತರಬೇಡಿ ಅಂದದ್ದು ಇದಕ್ಕೇ. ಸ್ವಿಚ್ ಹಾಕುವ ಮೊದಲು ಬಿಸಿ ನೀರಿನ ನಲ್ಲಿ ತೆರೆದು, ಗಾಳಿಯ ಬುಸುಬುಸು ನಿಂತು ಒಂದೇ ಸಮನೆ ನೀರು ಬರುವವರೆಗೂ ಕಾಯಿರಿ. ಗೀಸರ್ ಮತ್ತು ನೀರು ಸೇರಿ 35 ಕೆಜಿ ದಾಟುತ್ತದೆ, ಹಳೆಯ ಮಣ್ಣಿನ ಗೋಡೆ ಆದರೆ ಬೋಲ್ಟ್ ಹಿಡಿಯುತ್ತಾ ಅಂತ ಮೇಸ್ತ್ರಿಗೆ ತೋರಿಸಿ. ಅರ್ತಿಂಗ್ ಸರಿ ಇರಲೇಬೇಕು.

ಕುಡಿಯುವ ನೀರಿನ ಫಿಲ್ಟರ್ ವಿಷಯ ಬೇಗ ಮುಗಿಸುತ್ತೇನೆ. ಅಂಗಡಿಯವರು ಆರ್‌ಒ ತೆಗೆದುಕೊಳ್ಳಿ ಅಂತ ಒತ್ತಾಯ ಮಾಡಬಹುದು. ಮೊದಲು ನೀರಿನ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣದ ಪ್ರಮಾಣ, ನೋಡಿಸಿ. ಭಾರತೀಯ ಮಾನಕದಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪುವಂಥದ್ದು, ಗುಡ್ಡದ ಒರತೆ ನೀರು ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಅಂಥ ನೀರಿಗೆ ಆರ್‌ಒ ಹಾಕಿದರೆ ಒಳ್ಳೆ ನೀರನ್ನು ಸುಮ್ನೆ ಚೆಲ್ಲಿದ ಹಾಗೆ. ಕ್ರಿಮಿಗೆ ಯುವಿ (ಕ್ರಿಮಿ ಕೊಲ್ಲುವ ನೇರಳಾತೀತ ಬೆಳಕು), ಯುಎಫ್ (ಅತಿ ಸಣ್ಣ ತೂತಿನ ಪೊರೆ) ಇರುವ ಫಿಲ್ಟರ್ ಸಾಕು. ಆದರೆ ಯುವಿ ಬೆಳಕು ಕೆಂಪು ನೀರನ್ನು ದಾಟುವುದಿಲ್ಲ, ಅದಕ್ಕೂ ಮೊದಲು ಮಣ್ಣು ತಡೆಯುವ ಕ್ಯಾಂಡಲ್ ಬೇಕು, ಮಳೆಗಾಲದಲ್ಲಿ ಅದನ್ನು ಬೇಗ ಬೇಗ ಬದಲಿಸಬೇಕು. ಈ ಫಿಲ್ಟರ್‌ಗಳಲ್ಲಿ ಹೆಚ್ಚಿನವಕ್ಕೆ 2–3 ಬಾರ್‌ಗಿಂತ ಜಾಸ್ತಿ ಪ್ರೆಶರ್ ಆಗುವುದಿಲ್ಲ. ಅವುಗಳ ಸಣ್ಣ ಬಿಳಿ ಪೈಪನ್ನು ಬ್ಲೇಡಿನಲ್ಲಿ ನೆಟ್ಟಗೆ ಕತ್ತರಿಸಿ ಕೊನೆಯವರೆಗೂ ಒತ್ತಿ ಕೂರಿಸಿದ್ದಾರಾ ನೋಡಿ. ಓರೆಯಾಗಿ ಕತ್ತರಿಸಿದ್ದರೆ ಅಲ್ಲೇ ಸೋರುತ್ತದೆ. ಅಡುಗೆ ಮನೆಯಲ್ಲಿ ಅದಕ್ಕೊಂದು ಬೇರೆ ಸಣ್ಣ ವಾಲ್ವ್ ಇರಲಿ, ಮನೆ ಬಿಟ್ಟು ಊರಿಗೆ ಹೋಗುವಾಗ ಮುಚ್ಚಿ ಹೋಗಿ.

ಮಳೆ ಶುರುವಾಗಲು ಇನ್ನೂ ಸಮಯ ಇದ್ದರೆ ಎರಡನೇ ಟ್ಯಾಂಕ್, ಡಿಸ್ಕ್ ಫಿಲ್ಟರ್, ಹಿತ್ತಾಳೆ ಎಲ್ಬೋ ಈ ಮೂರನ್ನು ಮೇ ತಿಂಗಳೊಳಗೆ ಮುಗಿಸಿ. ಎರಡು ರಾತ್ರಿ ಗೇಜ್ ನೋಡಿ, ಮುಳ್ಳು ಒಂದೂವರೆ–ಎರಡರ ಆಸುಪಾಸು ನಿಂತಿದ್ದರೆ ಗೀಸರ್ ತನ್ನಿ. ಮಳೆ ಈಗಾಗಲೇ ಹಿಡಿದಿದ್ದರೆ ಟ್ಯಾಂಕಿನ ಕಟ್ಟೆ ಕೆಲಸಕ್ಕೆ ಮಣ್ಣು ಕಡಿಯಬೇಡಿ. ಸದ್ಯಕ್ಕೆ ಪಿಆರ್‌ವಿ ಹಾಕಿಸಿ, ಬಟ್ಟೆ ಒಗೆದ ಮೇಲೆ ನಲ್ಲಿ ಮುಚ್ಚಿ, ಬಿಸಿ ನೀರಿಗೆ ಈ ಮಳೆಗಾಲ ಹಂಡೆಯಲ್ಲೇ ಕಳೆಯಿರಿ. ಗೇಜ್ ಎಷ್ಟು ತೋರಿಸಿತು ಅಂತ ಬರೆಯಿರಿ, ಪಿಆರ್‌ವಿ ಯಾವ ಸೈಜಿನದು ಬೇಕು ಅಂತ ಆಗ ಹೇಳುತ್ತೇನೆ.